ಅಮೆರಿಕದವರು ರಾಜಕೀಯ ಟಾಕ್ ಶೋಗಳನ್ನು ಅಷ್ಟೊಂದು ಕೇಳುವುದು ಯಾಕೆ?

ಊರಿಗೆ ಫೋನ್ ಮಾಡಿದರೆ ಯಾರಾದರೂ ಇದನ್ನು ಕೇಳಿಯೇ ಕೇಳುತ್ತಾರೆ. "ಅಲ್ಲಿ ರೇಡಿಯೋದಲ್ಲೂ ದಿನವಿಡೀ ರಾಜಕೀಯವಂತೆ, ಹೌದಾ? ಜನ ಅದನ್ನು ಹೇಗೆ ಸಹಿಸ್ತಾರೆ?" ಆಶ್ಚರ್ಯ ಸಹಜವೇ. ನಮ್ಮಲ್ಲಿ ಖಾಸಗಿ ಎಫ್‌ಎಂನವರು ಆಕಾಶವಾಣಿಯ ವಾರ್ತೆಯನ್ನು ಮರುಪ್ರಸಾರ ಮಾಡಬಹುದೇ ಹೊರತು ತಮ್ಮದೇ ಸುದ್ದಿ ಓದುವಂತಿಲ್ಲ.

ಅಮೆರಿಕದವರಿಗೆ ಜಗಳ ಇಷ್ಟ, ಅದಕ್ಕೇ ಅನ್ನುವ ಉತ್ತರವನ್ನು ನಾನು ಒಪ್ಪುವುದಿಲ್ಲ. ಮಾತು ಅಗ್ಗ, ಅದೇ ಮುಖ್ಯ ಕಾರಣ.

ರೇಡಿಯೋ ಕಥೆ ನೋಡಿ. 1970ರ ದಶಕದಲ್ಲಿ ಹಾಡು ಕೇಳುವವರು ಹೆಚ್ಚೆಚ್ಚಾಗಿ ಎಫ್‌ಎಂ ಕಡೆ ಹೋದರು. ಹಳೆಯ ಬಗೆಯ ಎಎಂ ರೇಡಿಯೋ ಕೇಂದ್ರಗಳಿಗೆ ಕೇಳುಗರೇ ಕಮ್ಮಿಯಾದರು. ವಿವಾದದ ವಿಷಯ ಎತ್ತಿದರೆ ಬೇರೆ ಅಭಿಪ್ರಾಯಕ್ಕೂ ಜಾಗ ಕೊಡಬೇಕು ಅನ್ನುವ ನಿಯಮ 1949ರಿಂದ ಇತ್ತು, ಫೇರ್‌ನೆಸ್ ಡಾಕ್ಟ್ರಿನ್ ಅಂತ. 1987ರಲ್ಲಿ ಅದನ್ನು ಕೈಬಿಟ್ಟರು. ಮರುವರ್ಷವೇ ಬಲಪಂಥೀಯ ರೇಡಿಯೋ ಮಾತುಗಾರ ರಶ್ ಲಿಂಬಾ ಅವರ ಕಾರ್ಯಕ್ರಮ ದೇಶದ ತುಂಬ ಶುರುವಾಯಿತು. ಕೇಂದ್ರಗಳಿಗೆ ಅದು ಮೊದಮೊದಲು ಪುಕ್ಕಟೆ. ಬದಲಿಗೆ ಜಾಹೀರಾತಿನ ಕೆಲವು ನಿಮಿಷ ಬಿಟ್ಟುಕೊಟ್ಟರೆ ಸಾಕು. ಸೊರಗಿದ ಎಎಂ ಕೇಂದ್ರದವರು ಬೇಡ ಅಂತಾರಾ?

ಆ ನಿಯಮ ಹೋದದ್ದೇ ಎಲ್ಲಕ್ಕೂ ಕಾರಣ ಅಂತ ಸುಮ್ನೆ ಹೇಳಿಬಿಡುವವರಿದ್ದಾರೆ. ಕೇಬಲ್ ಟಿವಿಗೆ ಈ ಮಾತು ಹೊಂದುವುದಿಲ್ಲ. ಎಡ, ಬಲ ಎರಡೂ ಕಡೆಯವರನ್ನು ಎದುರುಬದುರು ಕೂರಿಸಿದ 'ಕ್ರಾಸ್‌ಫೈರ್' ಸಿಎನ್‌ಎನ್‌ನಲ್ಲಿ 1982ರಲ್ಲೇ ಬಂದಿತ್ತು. ಎಂಎಸ್‌ಎನ್‌ಬಿಸಿ, ಫಾಕ್ಸ್ ನ್ಯೂಸ್ ಅನ್ನುವ ಸುದ್ದಿ ಚಾನೆಲ್‌ಗಳು ಹುಟ್ಟಿದ್ದು 1996ರಲ್ಲಿ. ವರದಿಗಾರರನ್ನು ದೇಶ ದೇಶಕ್ಕೆ ಕಳಿಸಲು ಸಿಕ್ಕಾಪಟ್ಟೆ ಖರ್ಚು. ಸ್ಟುಡಿಯೋದಲ್ಲಿ ನಾಲ್ಕು ಜನರನ್ನು ಮಾತಿಗೆ ಕೂರಿಸಲು ಅಷ್ಟು ಬೇಕಿಲ್ಲ. ಜೊತೆಗೆ, ಕೇಬಲ್ ಬಿಲ್ ಕಟ್ಟುವ ಮನೆಯವರು ಚಾನೆಲ್ ನೋಡಲಿ ಬಿಡಲಿ, ಬಿಲ್ಲಿನ ಒಂದು ಪಾಲು ಆ ಚಾನೆಲ್‌ಗೆ ಹೋಗುತ್ತದೆ. ಹಾಗಾಗಿ ನೋಡುಗರು ತುಂಬ ಜನ ಇರಬೇಕಿಲ್ಲ, ಬಿಟ್ಟುಹೋಗದವರು ಇದ್ದರೆ ಸಾಕು. 33 ಕೋಟಿ ದಾಟಿದ ದೇಶದಲ್ಲಿ 30 ಲಕ್ಷ ಜನ ನೋಡಿದರೆ ಅದೇ ದೊಡ್ಡ ಗೆಲುವು! ಎಲ್ಲರೂ ಇದನ್ನೇ ನೋಡ್ತಾರೆ ಅನ್ನುವುದು ನಿಜವಲ್ಲ.

ಕೇಳುವವರನ್ನು, ನೋಡುವವರನ್ನು ಹೀಯಾಳಿಸುವುದು ನನಗೆ ಹಿಡಿಸುವುದಿಲ್ಲ. ದಿನಕ್ಕೆ ಗಂಟೆಗಟ್ಟಲೆ ಒಬ್ಬರೇ ಲಾರಿ ಓಡಿಸುವವರಿಗೆ, ಮಕ್ಕಳು ದೂರ ಇರುವ ವಯಸ್ಸಾದವರಿಗೆ, ದಿನವೂ ಅದೇ ಹೊತ್ತಿಗೆ ಬರುವ ಪರಿಚಯದ ದನಿ ಜೊತೆಗಾರನಾಗುತ್ತದೆ. ತನ್ನ ಮನಸ್ಸಿನಲ್ಲಿದ್ದದ್ದನ್ನು ಯಾರೋ ಜೋರಾಗಿ ಹೇಳಿದಾಗ ಸಮಾಧಾನವೂ ಆಗುತ್ತದೆ. ಫೋನ್ ಮಾಡಿ ತಾನೂ ಮಾತಾಡಬಹುದು.

ನನಗೆ ಭಯ ಆಗುವುದು ಬೇರೆ ಕಾರಣಕ್ಕೆ. 2020ರ ಚುನಾವಣೆಯಲ್ಲಿ ಮತಯಂತ್ರಗಳಿಂದ ಮೋಸ ನಡೆಯಿತು ಅನ್ನುವ ಸುಳ್ಳು ಫಾಕ್ಸ್‌ನಲ್ಲಿ ಪ್ರಸಾರವಾಯಿತು. ಯಂತ್ರ ತಯಾರಿಸುವ ಡೊಮಿನಿಯನ್ ಕಂಪನಿ ಮೊಕದ್ದಮೆ ಹೂಡಿತು. 2023ರಲ್ಲಿ ಫಾಕ್ಸ್ 78 ಕೋಟಿ 75 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಅಲ್ಲಿನ ಹೆಸರಾಂತ ನಿರೂಪಕರೇ ಆ ಮಾತನ್ನು ಖಾಸಗಿಯಾಗಿ ನಂಬಿರಲಿಲ್ಲ ಅಂತ ಕೋರ್ಟಿಗೆ ಬಂದ ಅವರ ಸಂದೇಶಗಳೇ ತೋರಿಸಿದವು. ನಿಜ ಹೇಳಿದರೆ ನೋಡುಗರು ಬೇರೆ ಚಾನೆಲ್‌ಗೆ ಹೋಗಿಬಿಡುತ್ತಾರೆ ಅನ್ನುವ ಅಂಜಿಕೆ ಒಳಗಿನವರಿಗಿತ್ತು. ಅಂದರೆ ಜನರನ್ನು ಹಿಡಿದಿಟ್ಟುಕೊಂಡವರೇ ಆ ಜನರಿಗೆ ಹೆದರಿ ಕೂತಿದ್ದರು.