ತಾಳಗುಂದ: ಕೆರೆಯ ಮಗ್ಗುಲಿನಲ್ಲಿ ಕದಂಬರ ಕಥೆಯನ್ನು ಓದಲು ಹೋಗುವವರಿಗೆ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿ, ಶಿರಾಳಕೊಪ್ಪದಿಂದ ಕೆಲವೇ ಕಿಲೋಮೀಟರ್ ದೂರದಲ್ಲಿರುವ ತಾಳಗುಂದವು ಭತ್ತ, ಮೆಕ್ಕೆಜೋಳ ಮತ್ತು ಅಡಿಕೆಯನ್ನು ನೆಚ್ಚಿಕೊಂಡ ಚಿಕ್ಕ ಊರು. ಕನ್ನಡ ನಾಡಿನ ಮೊದಲ ಅರಸುಮನೆತನವೆಂದು ನಾವೆಲ್ಲ ಶಾಲೆಯಲ್ಲಿ ಓದಿದ ಕದಂಬರ ಹುಟ್ಟಿನ ಕಥೆ ಕಲ್ಲಿನ ಮೇಲೆ ಉಳಿದು ಬಂದಿರುವುದು ಈ ಊರಿನ ಒಂದು ಕಂಬದಲ್ಲಿ. ಕಳೆದ ಡಿಸೆಂಬರ್‌ನಲ್ಲಿ ನಾನೂ ನನ್ನ ಅಣ್ಣನೂ ಶಿರಾಳಕೊಪ್ಪದ ಸುತ್ತ ಎರಡು ದಿನ ಓಡಾಡಿ ಬಂದೆವು. ಅದೇ ದಾರಿಯಲ್ಲಿ ಹೋಗಬೇಕೆಂದಿರುವವರಿಗೆ ನೆರವಾಗಲೆಂದು ಅಲ್ಲಿ ಕಂಡದ್ದನ್ನೂ ತಿಳಿದುಕೊಂಡದ್ದನ್ನೂ ಇಲ್ಲಿ ಬರೆದಿದ್ದೇನೆ.

ಮೊದಲಿಗೆ ಹೆಸರಿನ ವಿಚಾರವಾಗಿ ಎಚ್ಚರ ಬೇಕು. ಇದೇ ಜಿಲ್ಲೆಯ ಸಾಗರ ತಾಲ್ಲೂಕಿನಲ್ಲಿ ತಾಳಗುಪ್ಪ ಎಂಬ ಊರಿದೆ. ಅದು ಜೋಗಕ್ಕೆ ಹೋಗುವವರು ಇಳಿಯುವ, ರೈಲುಹಳಿ ಕೊನೆಗೊಳ್ಳುವ ನಿಲ್ದಾಣ. ಬಸ್ಸಿನಲ್ಲಿಯಾಗಲಿ, ದೂರವಾಣಿಯ ನಕ್ಷೆಯಲ್ಲಿಯಾಗಲಿ ಈ ಎರಡು ಹೆಸರುಗಳು ಸುಲಭವಾಗಿ ಅದಲುಬದಲಾಗುತ್ತವೆಯಾದ್ದರಿಂದ, ಯಾರನ್ನು ಕೇಳುವಾಗಲೂ ‘ಶಿರಾಳಕೊಪ್ಪದ ಹತ್ತಿರದ ತಾಳಗುಂದ’ ಎಂದೇ ಕೇಳುವುದು ಒಳ್ಳೆಯದು. ರೈಲಿನಲ್ಲಿ ಬರುವವರು ಶಿವಮೊಗ್ಗದಲ್ಲಿ ಇಳಿಯಬೇಕು. ಅಲ್ಲಿಂದ ಶಿಕಾರಿಪುರಕ್ಕೆ ಸುಮಾರು 50 ಕಿಲೋಮೀಟರ್, ಶಿಕಾರಿಪುರದಿಂದ ಶಿರಾಳಕೊಪ್ಪಕ್ಕೆ ಸುಮಾರು 20 ಕಿಲೋಮೀಟರ್. ಉತ್ತರ ಕರ್ನಾಟಕದ ಕಡೆಯಿಂದ ಬರುವವರಿಗೆ ಹಾವೇರಿ ಜಿಲ್ಲೆಯ ಹಿರೇಕೆರೂರಿನ ಮೇಲಿನ ದಾರಿ ಹತ್ತಿರವಾಗುತ್ತದೆ. ಶಿರಾಳಕೊಪ್ಪದವರೆಗೆ ಬಸ್ಸಿನ ಚಿಂತೆಯಿಲ್ಲ. ಅಲ್ಲಿಂದ ಮುಂದೆ ಒಂದು ಆಟೋವನ್ನು ಅರ್ಧ ದಿನಕ್ಕೆ ಮಾತನಾಡಿಕೊಂಡರೆ ತಾಳಗುಂದ, ಹತ್ತಿರದ ದೇವಾಲಯಗಳ ಊರು ಬಳ್ಳಿಗಾವಿ ಎರಡನ್ನೂ ನೆಮ್ಮದಿಯಾಗಿ ನೋಡಬಹುದು. ಊಟ, ವಸತಿಗಳನ್ನು ಶಿರಾಳಕೊಪ್ಪ ಅಥವಾ ಶಿಕಾರಿಪುರದಲ್ಲಿಯೇ ಗೊತ್ತುಮಾಡಿಕೊಳ್ಳಿ.

ಈ ಪ್ರದೇಶ ಪೂರ್ತಿ ಮಲೆನಾಡೂ ಅಲ್ಲದ, ಪೂರ್ತಿ ಬಯಲುಸೀಮೆಯೂ ಅಲ್ಲದ ಅರೆಮಲೆನಾಡು. ಪಡುವಣದ ಸೊರಬ, ಸಾಗರಗಳ ಕಡೆಯಿಂದ ಮೂಡಣಕ್ಕೆ ಬರುತ್ತಿದ್ದಂತೆ ಕಾಡು ತೆಳುವಾಗುತ್ತದೆ, ಮಳೆ ಇಳಿಯುತ್ತದೆ, ನೆಲ ಅಲೆಯಲೆಯಾಗಿ ಹರಡಿಕೊಳ್ಳುತ್ತದೆ. ಒಂದು ಕಡೆ ಇಕ್ಕೇರಿಯ ಹತ್ತಿರದ ವರದಾಮೂಲದಲ್ಲಿ ಹುಟ್ಟಿ ಬನವಾಸಿಯನ್ನು ಬಳಸಿ ಹರಿಯುವ ವರದಾ ನದಿ, ಇನ್ನೊಂದು ಕಡೆ ಶಿಕಾರಿಪುರದ ಮೂಲಕ ಸಾಗುವ ಕುಮುದ್ವತಿ. ಎರಡೂ ಕೊನೆಗೆ ತುಂಗಭದ್ರೆಯನ್ನು ಸೇರುತ್ತವೆ. ಇಂತಹ ನೆಲದಲ್ಲಿ ಮುಂಗಾರಿನ ನಾಲ್ಕು ತಿಂಗಳು ಬಿದ್ದ ನೀರನ್ನು ತಗ್ಗಿಗೆ ಏರಿ ಹಾಕಿ ಹಿಡಿದಿಟ್ಟುಕೊಂಡರೆ ಮಾತ್ರ ಭತ್ತದ ಬೇಸಾಯ ನಿಲ್ಲುತ್ತದೆ. ಆದ್ದರಿಂದಲೇ ಇಲ್ಲಿ ಊರಿದ್ದಲ್ಲೆಲ್ಲ ಕೆರೆಯಿದೆ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ತಾಳಗುಂದಕ್ಕೆ ಹೋಗಿ ಎಂಬುದು ನನ್ನ ಮುಖ್ಯ ಸಲಹೆ. ಅಲ್ಲಿನ ಕಂಬದ ಶಾಸನ ಹುಟ್ಟಿದ್ದೇ ಒಂದು ಕೆರೆಯ ಕಾರಣಕ್ಕೆ.

ಪ್ರಣವೇಶ್ವರ ದೇವಾಲಯದ ಮುಂದೆ ನಿಂತಿರುವ ಆ ಕಂಬವನ್ನು 1894ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಅವರು ವಿದ್ವಾಂಸರ ಗಮನಕ್ಕೆ ತಂದರು. ಗಟ್ಟಿಯಾದ ಬೂದುಬಣ್ಣದ ಕಲ್ಲು. ಎಂಟು ಮುಖದ ಕಾಂಡ ಮೇಲಕ್ಕೆ ಹೋದಂತೆ ತುಸು ಸಣ್ಣದಾಗುತ್ತದೆ, ಆ ಕಾಂಡದ ಎತ್ತರ ಐದು ಅಡಿಗಿಂತ ಸ್ವಲ್ಪ ಹೆಚ್ಚು. ಅಕ್ಷರಗಳು ನಾವು ನಿರೀಕ್ಷಿಸುವ ಅಡ್ಡಸಾಲುಗಳಲ್ಲಿ ಇಲ್ಲ, ಬುಡದಿಂದ ತುದಿಯ ಕಡೆಗೆ ನೇರವಾಗಿ ಏರುತ್ತವೆ. ಏಳು ಮುಖಗಳಲ್ಲಿ ಎರಡೆರಡು ಸಾಲುಗಳಿದ್ದು, ಎಂಟನೆಯದರಲ್ಲಿ ಒಂದು ಗಿಡ್ಡ ಸಾಲು ಮಾತ್ರ ಇದೆ. ತಲೆಯನ್ನು ಎಡಭುಜಕ್ಕೆ ವಾಲಿಸಿ ನೋಡಿದರೆ ಸಾಲು ಹಿಡಿತಕ್ಕೆ ಸಿಗುತ್ತದೆ, ಒಂದೊಂದು ಅಕ್ಷರದ ನೆತ್ತಿಯ ಮೇಲೂ ಪುಟ್ಟ ಪೆಟ್ಟಿಗೆಯಂತಹ ಚೌಕ ಕಾಣುತ್ತದೆ. ನಾವು ಮೊದಲ ದಿನ ನಡುಮಧ್ಯಾಹ್ನದಲ್ಲಿ ಹೋಗಿದ್ದೆವು. ನೆತ್ತಿಯ ಮೇಲಿನ ಬಿಸಿಲಿಗೆ ಕಲ್ಲು ಸಪಾಟಾಗಿ ಕಂಡು ಅರ್ಧಕ್ಕರ್ಧ ಅಕ್ಷರಗಳು ಮರೆಯಾಗಿದ್ದವು. ಮರುದಿನ ಬೆಳಿಗ್ಗೆ ಎಂಟರ ಹೊತ್ತಿಗೆ ಮತ್ತೆ ಹೋದಾಗ, ಓರೆಬಿಸಿಲು ಬಿದ್ದ ಮುಖಗಳಲ್ಲಿ ಉಳಿಯ ಗೆರೆಗಳೆಲ್ಲ ನೆರಳು ತುಂಬಿಕೊಂಡು ಎದ್ದು ನಿಂತವು. ಆದ್ದರಿಂದ ಬೆಳಗಿನ ಅಥವಾ ಸಂಜೆಯ ಬೆಳಕಿನಲ್ಲಿಯೇ ಹೋಗಿ. ಅಕ್ಷರ ಚೆನ್ನಾಗಿ ಕಾಣಲೆಂದು ಕಲ್ಲಿಗೆ ಸೀಮೆಸುಣ್ಣ ಬಳಿಯುವುದು, ಹಿಟ್ಟು ಉಜ್ಜುವುದು, ನೀರು ಎರಚುವುದು, ಇವಾವುದನ್ನೂ ದಯವಿಟ್ಟು ಮಾಡಬೇಡಿ.

ಶಾಸನದ ಭಾಷೆ ಸಂಸ್ಕೃತ, 34 ಪದ್ಯಗಳ ಒಂದು ಕಾವ್ಯವೇ ಅದು. ಬರೆದ ಕವಿಯ ಹೆಸರು ಕುಬ್ಜ. ತನ್ನ ಕಾವ್ಯವನ್ನು ತಾನೇ ಕಲ್ಲಿನ ಮೇಲೆ ಬರೆದೆನೆಂದು ಆತ ಹೇಳಿಕೊಂಡಿದ್ದಾನೆ. ಕಾಲ ಕ್ರಿ.ಶ. ಐದನೆಯ ಶತಮಾನ, ಕದಂಬ ಅರಸ ಶಾಂತಿವರ್ಮನ ಆಳ್ವಿಕೆ. ವೇದಾಧ್ಯಯನವನ್ನು ಪೂರೈಸಲೆಂದು ಗುರು ವೀರಶರ್ಮನೊಂದಿಗೆ ಕಂಚಿಯ ಘಟಿಕಾಸ್ಥಾನವೆಂಬ ವಿದ್ಯಾಕೇಂದ್ರಕ್ಕೆ ಹೋದ, ಕದಂಬ ವಂಶದ ಮೂಲಪುರುಷ ಮಯೂರಶರ್ಮನು ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನೊಡನೆ ನಡೆದ ಜಗಳದಿಂದ ಕೆರಳಿ, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದು, ಶ್ರೀಪರ್ವತದ ಕಾಡುಗಳಲ್ಲಿ ನೆಲೆ ನಿಂತು, ಬೃಹದ್ಬಾಣರೆಂಬ ಅರಸರಿಂದ ಕಪ್ಪ ಪಡೆದು, ಕೊನೆಗೆ ಪಲ್ಲವರೇ ಅವನಿಗೆ ರಾಜ್ಯವನ್ನು ಒಪ್ಪಿಕೊಡುವಂತೆ ಮಾಡಿದ ಕಥೆ ನಮಗೆ ಸಿಕ್ಕಿರುವುದು ಈ ಪದ್ಯಗಳಿಂದಲೇ. ಮನೆಯ ಬಳಿ ಬೆಳೆದಿದ್ದ ಕದಂಬ ಮರದಿಂದ ವಂಶಕ್ಕೆ ಆ ಹೆಸರು ಬಂದಿತೆಂಬುದೂ, ಶಾಂತಿವರ್ಮನ ತಂದೆ ಕಾಕುಸ್ಥವರ್ಮನು ತನ್ನ ಹೆಣ್ಣುಮಕ್ಕಳನ್ನು ಗುಪ್ತರೇ ಮೊದಲಾದ ರಾಜಕುಲಗಳಿಗೆ ಕೊಟ್ಟನೆಂಬುದೂ ಇಲ್ಲಿಯೇ ಇದೆ. ಇಷ್ಟನ್ನೆಲ್ಲ ಹೇಳಿದ ಮೇಲೆ ಕವಿ ಬಂದು ನಿಲ್ಲುವುದು ಸಾತಕರ್ಣಿ ಮೊದಲಾದ ಅರಸರು ಪೂಜಿಸಿದ್ದ ಈ ಶಿವಾಲಯದ ಬಳಿ, ನೀರು ಸಮೃದ್ಧವಾಗಿ ದೊರೆಯಲೆಂದು ಕಾಕುಸ್ಥವರ್ಮನು ಮಾಡಿಸಿದ ದೊಡ್ಡ ಕೆರೆಗೆ. ರಾಜವಂಶದ ಕಥೆಯೆಲ್ಲ ಒಂದು ಕೆರೆಯ ದಾಖಲೆಗೆ ಕಟ್ಟಿದ ಪೀಠಿಕೆಯಂತಿದೆ. ನನಗೆ ಈ ಶಾಸನದಲ್ಲಿ ಅತ್ಯಂತ ಪ್ರಿಯವಾದ ಸಂಗತಿ ಇದೇ.

ದೇವಾಲಯ ಚಿಕ್ಕದು, ಅಲಂಕಾರವಿಲ್ಲದ ಸರಳ ಕಟ್ಟಡ. ಗರ್ಭಗುಡಿಯಲ್ಲಿ ದೊಡ್ಡ ಲಿಂಗವಿದೆ. ಬಾಗಿಲವಾಡದ ಕಲ್ಲುಗಳ ಮೇಲೆ ಕದಂಬ ಅರಸ ಮೃಗೇಶವರ್ಮನ ರಾಣಿ ಪ್ರಭಾವತಿಯನ್ನು ಹೆಸರಿಸುವ ಶಾಸನವುಂಟು. ಸವೆದಿರುವುದರಿಂದ ಗಮನವಿಟ್ಟು ಹುಡುಕಬೇಕು. ಮೆಟ್ಟಿಲ ಪಕ್ಕದ ಸಿಂಹಕಟಾಂಜನದ (ಸಿಂಹದ ಕೆತ್ತನೆಯುಳ್ಳ ಕೈಪಿಡಿಗಲ್ಲಿನ) ಮೇಲಿನ ಕನ್ನಡ ಶಾಸನವು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯು 2013ರಲ್ಲಿ ನಡೆಸಿದ ಉತ್ಖನನದಲ್ಲಿ ಬೆಳಕಿಗೆ ಬಂದಿತು. ಅದರ ಕಾಲವನ್ನು ಕ್ರಿ.ಶ. 370 ಎಂದು ಗುರುತಿಸಿದ ಮೇಲೆ, ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನಕ್ಕೂ ಹಿಂದಿನ ಕನ್ನಡ ಬರಹವೆಂದು ಈ ಊರಿನ ಹೆಸರು ನಾಡಿನಾದ್ಯಂತ ಕೇಳಿಬಂದಿತು. ಸ್ಥಾನಕುಂದೂರು ಎಂಬ ಹಳೆಯ ಹೆಸರಿನ ಈ ಅಗ್ರಹಾರ ಆಮೇಲೆಯೂ ಬಹುಕಾಲ ವಿದ್ಯೆಯ ನೆಲೆಯಾಗಿತ್ತು. 12ನೆಯ ಶತಮಾನದ ಇಲ್ಲಿನ ಶಾಸನವೊಂದು ವೇದ, ವ್ಯಾಕರಣಗಳ ಪಾಠದ ಜೊತೆಗೆ ಕನ್ನಡ ಕಲಿಸುವ ವ್ಯವಸ್ಥೆಯೂ ಇದ್ದುದನ್ನು ತಿಳಿಸುತ್ತದೆ.

ಕಂಬ ನೋಡಿದ ಕೂಡಲೇ ಗಾಡಿ ಹತ್ತಿಬಿಡಬೇಡಿ. ಕೆರೆಯ ಕಡೆಗೆ ನಡೆದು ಹೋಗಿ, ಏರಿಯ ಮೇಲೆ ನಿಂತು ಒಮ್ಮೆ ನೀರಿನ ಕಡೆಗೂ ಒಮ್ಮೆ ಗದ್ದೆಯ ಕಡೆಗೂ ನೋಡಿ. ಹಳಗನ್ನಡ ಶಾಸನಗಳಲ್ಲಿ ಕೆರೆ ಕಟ್ಟಿಸಿದವರಿಗೂ ಕಾಪಾಡುವವರಿಗೂ ಅಚ್ಚುಕಟ್ಟಿನಲ್ಲಿ ಬಿಟ್ಟುಕೊಡುತ್ತಿದ್ದ ಭೂಮಿಗೆ ‘ಬಿತ್ತುವಟ್ಟ’, ‘ಕಟ್ಟುಗೊಡಗೆ’ ಎಂಬ ಹೆಸರುಗಳಿವೆ; ತೂಬು, ಕೋಡಿ, ಅಚ್ಚುಕಟ್ಟು ಎಂಬ ಮಾತುಗಳು ಇಂದಿಗೂ ರೈತರ ಬಾಯಲ್ಲಿವೆ. ಗದ್ದೆಯ ಬದುವಿನಲ್ಲಿ ಹುಲ್ಲು ಹೊರೆ ಕಟ್ಟುತ್ತಿದ್ದ ಹಿರಿಯರೊಬ್ಬರು ನಮ್ಮನ್ನು ನೋಡಿ ‘ಕಂಬ ನೋಡಾಕೆ ಬಂದಿರೇನ್ರಿ?’ ಎಂದು ಕೇಳಿದರು. ಹೌದೆಂದಾಗ, ಕೆರೆ ಕೋಡಿ ಬಿದ್ದ ವರ್ಷ ಬೇಸಾಯಕ್ಕೆ ಹೆದರಿಕೆಯಿಲ್ಲವೆಂದೂ, ಕೊಳವೆಬಾವಿ ಬಂದ ಮೇಲೆ ಅಡಿಕೆ, ಶುಂಠಿಗಳ ಕಡೆಗೆ ಜನ ಹೊರಳಿದರೂ ಬಾವಿಗೆ ನೀರೂಡುವುದು ಆ ಕೆರೆಯೇ ಎಂದೂ ನಿಧಾನವಾಗಿ ವಿವರಿಸಿದರು. ಅವರೊಡನೆ ಕಳೆದ ಅರ್ಧ ಗಂಟೆ ನನ್ನ ಪಾಲಿಗೆ ಕಂಬದಷ್ಟೇ ಬೆಲೆಯುಳ್ಳದ್ದು. ಬೆಳೆ ನಿಂತಿರುವಾಗ ಬದುವಿನ ಮೇಲಷ್ಟೇ ನಡೆಯಿರಿ, ತೋಟಕ್ಕೆ ಕೇಳದೆ ಕಾಲಿಡಬೇಡಿ.

ನವೆಂಬರ್‌ನಿಂದ ಫೆಬ್ರವರಿವರೆಗಿನ ಕಾಲ ಈ ಪ್ರವಾಸಕ್ಕೆ ಹೇಳಿ ಮಾಡಿಸಿದಂತಿದೆ. ಆದರೆ ಸುಗ್ಗಿಯ ದಿನಗಳಲ್ಲಿ ಹಳ್ಳಿಯ ಡಾಂಬರು ರಸ್ತೆಯ ಒಂದು ಮಗ್ಗುಲಿಗೆ ಮೆಕ್ಕೆಜೋಳ ಹರವಿ ಒಣಗಿಸಿರುತ್ತಾರೆ. ಕಾಳಿನ ಮೇಲೆ ದ್ವಿಚಕ್ರ ವಾಹನ ಜಾರುತ್ತದೆ, ಕತ್ತಲಾದ ಮೇಲೆ ರಾಶಿಯ ಸುತ್ತ ಇಟ್ಟ ಕಲ್ಲುಗಳು ಕಾಣುವುದಿಲ್ಲ. ಸಂಜೆಯೊಳಗೆ ಪಟ್ಟಣ ಸೇರಿಕೊಳ್ಳಿ. ಮಳೆಗಾಲದಲ್ಲಿ ನಾಟಿಯ ಗದ್ದೆ ನೋಡಲು ಸೊಗಸು, ಶಾಸನ ಓದಲು ಬೆಳಕು ಸಾಲದು.

ಬಳ್ಳಿಗಾವಿಯನ್ನು ತಾಳಗುಂದದ ನಂತರ ನೋಡಬೇಕೆಂದು ಒತ್ತಿ ಹೇಳುತ್ತೇನೆ. ಕೇದಾರೇಶ್ವರ ಹಾಗೂ ತ್ರಿಪುರಾಂತಕ ದೇವಾಲಯಗಳ ಕೆತ್ತನೆಯನ್ನೂ, ಚಾಮುಂಡರಾಯರಸನು 1047ರಲ್ಲಿ ನಿಲ್ಲಿಸಿದ ಗಂಡಭೇರುಂಡ ಸ್ತಂಭವನ್ನೂ ಮೊದಲೇ ನೋಡಿ ಬಂದ ಕಣ್ಣಿಗೆ ತಾಳಗುಂದದ ಸರಳ ಗುಡಿ ಸಪ್ಪೆಯಾಗಿ ಕಾಣುವ ಅಪಾಯವಿದೆ. ಬೇಲೂರಿನಲ್ಲಿ ದುಡಿದ ಶಿಲ್ಪಿ ದಾಸೋಜ ಬಳ್ಳಿಗಾವಿಯವನು. ಅಲ್ಲಮಪ್ರಭುವಿನ ಊರೂ ಇದೇ. ಅಕ್ಕಮಹಾದೇವಿಯ ಉಡುತಡಿಯೂ ಶಿರಾಳಕೊಪ್ಪದ ಸಮೀಪದಲ್ಲಿಯೇ ಇದೆ. ಶಾಸನಗಳಲ್ಲಿ ಆಸಕ್ತಿ ಇರುವವರು ಇದೇ ತಾಲ್ಲೂಕಿನ ಮಳವಳ್ಳಿಗೂ ಹೋಗಬೇಕು (ಮಂಡ್ಯ ಜಿಲ್ಲೆಯ ಮಳವಳ್ಳಿಯೊಂದಿಗೆ ಬೆರೆಸಿಕೊಳ್ಳದಿರಿ). ಅಲ್ಲಿನ ಒಂದೇ ಕಂಬದ ಮೇಲೆ ಕದಂಬರಿಗಿಂತ ಮೊದಲು ಆಳಿದ ಚುಟುಕುಲದ ಸಾತಕರ್ಣಿಯ ದಾನವೂ, ಅದರ ಕೆಳಗೆ ಕದಂಬ ಅರಸನ ದಾನವೂ ಪ್ರಾಕೃತದಲ್ಲಿವೆ. ಅಧಿಕಾರ ಒಂದು ಮನೆತನದಿಂದ ಇನ್ನೊಂದಕ್ಕೆ ದಾಟಿದ್ದು ಕಣ್ಣೆದುರಿಗೇ ಕಾಣುತ್ತದೆ.

ಎರಡನೆಯ ದಿನ ಕೈಯಲ್ಲಿದ್ದರೆ ಆನವಟ್ಟಿಯ ದಾರಿ ಹಿಡಿದು, ಕುಬಟೂರಿನ ಕೈಟಭೇಶ್ವರ ದೇವಾಲಯದಲ್ಲಿ ಸ್ವಲ್ಪ ಹೊತ್ತು ನಿಂತು, ಬನವಾಸಿ ತಲುಪಬಹುದು. ಹೊರಡುವ ಮೊದಲು ತಾಳಗುಂದ ಶಾಸನದ ಪಾಠವನ್ನೂ ಅದರ ಅನುವಾದವನ್ನೂ ಮುದ್ರಿಸಿ ಜೊತೆಗೆ ಇಟ್ಟುಕೊಳ್ಳಿ. ನಾಡಿನ ಶಾಸನಗಳ ಸಂಕಲನವಾದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 1902ರ ಏಳನೆಯ ಸಂಪುಟದಲ್ಲಿ ಶಿಕಾರಿಪುರ ತಾಲ್ಲೂಕಿನ ಶಾಸನಗಳೆಲ್ಲ ಒಂದೆಡೆ ಇವೆ. ಅಣ್ಣ ಅನುವಾದವನ್ನು ಗಟ್ಟಿಯಾಗಿ ಓದುತ್ತಾ ಹೋದಂತೆ ನಾನು ಕಂಬದ ಸುತ್ತ ಒಂದೊಂದೇ ಮುಖಕ್ಕೆ ಸರಿಯುತ್ತಾ ಬಂದೆ. ಕೆರೆಯ ಪ್ರಸ್ತಾಪವಿರುವ ಪದ್ಯ ಬಂದಾಗ ಇಬ್ಬರೂ ಓದನ್ನು ಅಲ್ಲಿಗೇ ನಿಲ್ಲಿಸಿ ಏರಿಯ ಕಡೆಗೆ ತಿರುಗಿ ನೋಡಿದೆವು.