ಎರಡು ಹನಿ ಫಾರ್ಮಲಿನ್

"ಸರ್, ನಿಮ್ಮ ಲೇಬಲ್ ಮ್ಯಾಲ ಫಾರ್ಮಲಿನ್ ಹಾಕೀವಿ ಅಂತ ಬರ್ದೀರಿ. ಇದರಾಗ ನಾ ಏನ್ ಬೆಳಸ್ಲಿ?"

ಲ್ಯಾಬಿನಿಂದ ಬಂದ ಈ ಫೋನು ಇನ್ನೂ ಕಿವಿಯಲ್ಲಿದೆ. ನಾನು ಆಹಾರ ಸುರಕ್ಷತಾ ಅಧಿಕಾರಿ, ಫಾರ್ಮಲಿನ್ ಎಂದರೆ ಸ್ಯಾಂಪಲ್ ಕೆಡದಂತೆ ನಾವು ಹಾಕುವ ಸಂರಕ್ಷಕ ದ್ರವ. ಯಾದಗಿರಿ ಜಿಲ್ಲೆಯ ಒಂದು ಹಳ್ಳಿ, ಮೇ ತಿಂಗಳ ಮದುವೆ. ಕೊನೆಯ ಪಂಕ್ತಿಯಲ್ಲಿ ಬಾಸುಂದಿ ಉಂಡವರಿಗೆ ಎರಡು-ಮೂರು ತಾಸಿನಲ್ಲಿ ವಾಂತಿ ಶುರುವಾಗಿತ್ತು. ನಾನು ಮುಟ್ಟುವ ಹೊತ್ತಿಗೆ ಹೆಂಗಸರು ಭಾಂಡಿ ತಿಕ್ಕುತ್ತಿದ್ದರು. ಹುಗ್ಗಿಯ ಕೊಪ್ಪರಿಗೆ ಆಗಲೇ ತೊಳೆದು ಬೋರಲು ಹಾಕಿದ್ದರು. ಬಾಸುಂದಿ ಒಂದು ಪಾತೆಲೆಯ ತಳದಲ್ಲಿ ನಾಲ್ಕೈದು ಸೌಟಿನಷ್ಟು ಉಳಿದಿತ್ತು. "ಬಿಸಲಿಗೆ ಹಂಗಾಗ್ಯದ್ರಿ ಸಾಹೇಬ್ರ, ದೊಡ್ಡದು ಮಾಡಬ್ಯಾಡ್ರಿ" ಎಂದು ಹುಡುಗಿಯ ತಂದೆ ಕೈ ಮುಗಿಯುತ್ತಿದ್ದರು. ಆ ಕಡೆ ಗಂಡಿನವರ ಕೂಗಾಟ. ಪಂಚರಾಗಿ, ಅಂದರೆ ಸಾಕ್ಷಿಗಳಾಗಿ, ಸಹಿ ಹಾಕಲು ಒಬ್ಬರೂ ಮುಂದೆ ಬರುತ್ತಿರಲಿಲ್ಲ.

ಅದೇ ಗದ್ದಲದಲ್ಲಿ ಕಿಟ್ ಬಿಚ್ಚಿದೆ. ಹಾಲು, ಮೊಸರು, ಖೋವಾ ಎಂದರೆ 25 ಮಿ.ಲೀ.ಗೆ ಎರಡು ಹನಿ. ವರ್ಷಗಟ್ಟಲೆ ಹಾಲಿನ ಸ್ಯಾಂಪಲ್ ತೆಗೆದ ಕೈಗೆ ಆ ಲೆಕ್ಕ ಬಾಯಿಪಾಠ. ಬಾಸುಂದಿಯೂ ಹಾಲೇ ಅಲ್ಲವೇ? ನಾಲ್ಕು ಭಾಗ ಮಾಡಿದೆ, ನಾಲ್ಕಕ್ಕೂ ಹನಿ ಹಾಕಿದೆ, ಬಾಟಲಿ ಅಲ್ಲಾಡಿಸಿದೆ, ಅರಗಿನ ಸೀಲ್ ಒತ್ತಿದೆ. ನಿಯಮದಂತೆ ಲೇಬಲ್ ಮೇಲೆ ಫಾರ್ಮಲಿನ್ ಪ್ರಮಾಣವನ್ನೂ ಬರೆದೆ. ನೋಟಿಸಿನ ಫಾರ್ಮ್ 5ಎ, ಲ್ಯಾಬಿಗೆ ಕಳಿಸುವ ಫಾರ್ಮ್ 6 ಎಲ್ಲವೂ ಚೊಕ್ಕ. ಕಾಗದದಲ್ಲಿ ಒಂದು ತಪ್ಪೂ ಇರಲಿಲ್ಲ.

ಹಾಲು ಕೆಡದೆ ಉಳಿದು ಲ್ಯಾಬಿನಲ್ಲಿ ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ನೋಡಲು ಸಿಗಲಿ ಎಂದು ಫಾರ್ಮಲಿನ್ ಹಾಕುತ್ತೇವೆ. ಹಾಲು ಕೆಡಿಸುವ ಜೀವಾಣುಗಳನ್ನು ಕೊಲ್ಲುವುದೇ ಅದರ ಕೆಲಸ. ಜನರನ್ನು ಮಲಗಿಸಿದ ಜೀವಾಣುವನ್ನೂ ಅದು ಅಷ್ಟೇ ಚೆನ್ನಾಗಿ ಕೊಲ್ಲುತ್ತದೆ. ಕಲ್ಚರ್‌ಗೆ, ಅಂದರೆ ಜೀವಾಣು ಬೆಳೆಸಿ ನೋಡುವ ಪರೀಕ್ಷೆಗೆ, ಹೋಗುವ ಸ್ಯಾಂಪಲ್‌ಗೆ ಯಾವ ಸಂರಕ್ಷಕವನ್ನೂ ಹಾಕಬಾರದು ಎಂದು ನಿಯಮದಲ್ಲೇ ಇದೆ. ನಾಲ್ಕೂ ಭಾಗ ಸತ್ತ ಮೇಲೆ ಮೇಲ್ಮನವಿ, ರೆಫರಲ್ ಲ್ಯಾಬ್ ಯಾವುದೂ ಉಪಯೋಗಕ್ಕೆ ಬರಲಿಲ್ಲ. ಮತ್ತೆ ತೆಗೆಯೋಣವೆಂದರೆ ಪಾತೆಲೆ ಅಂದೇ ರಾತ್ರಿ ತೊಳೆದಾಗಿತ್ತು.

ಕಲ್ಚರ್‌ಗೆ ಸ್ಟೆರೈಲ್ (ಜೀವಾಣು ಇಲ್ಲದ) ಬಾಟಲಿ ಬೇಕು, ಸ್ಟೆರೈಲ್ ಸೌಟು ಬೇಕು. ಒಂದು ಪದಾರ್ಥದ್ದು 250 ಗ್ರಾಂಗಿಂತ ಕಡಿಮೆ ನಾನೀಗ ತೆಗೆಯುವುದಿಲ್ಲ. ಬಾಟಲಿಯನ್ನು ಐಸ್ ಪ್ಯಾಕಿನ ನಡುವೆ ಇಟ್ಟು 24 ತಾಸಿನೊಳಗೆ ಲ್ಯಾಬಿಗೆ ಮುಟ್ಟಿಸಬೇಕು, ಆದರೆ ಹೆಪ್ಪುಗಟ್ಟಿಸಬಾರದು. ನಮ್ಮ ಕಿಟ್‌ನಲ್ಲಿ ಫಾರ್ಮಲಿನ್ ಸದಾ ಇರುತ್ತದೆ, ಸ್ಟೆರೈಲ್ ಬಾಟಲಿಗೆ ಇಂಡೆಂಟ್ ಹಾಕಿ ತಿಂಗಳುಗಟ್ಟಲೆ ಕಾಯಬೇಕು. ಬಾಟಲಿ ಇಲ್ಲದ ದಿನ ಮದುವೆ ಮನೆಯ ಪ್ರೆಶರ್ ಕುಕ್ಕರೇ ಆಟೋಕ್ಲೇವ್, ಹಬೆಯಿಂದ ಜೀವಾಣು ಕೊಲ್ಲುವ ಯಂತ್ರ. ಸ್ಟೀಲ್ ಡಬ್ಬಿಯ ಮುಚ್ಚಳ ಸಡಿಲ ಬಿಟ್ಟು ಸೌಟಿನ ಜೊತೆ ಒಳಗಿಡಿ. ಸೀಟಿ ಬಂದ ಮೇಲೆ ಉರಿ ಸಣ್ಣ ಮಾಡಿ 20 ನಿಮಿಷ ಬಿಡಿ, ತಣಿದ ಮೇಲೆ ತೆಗೆಯಿರಿ. ಬಿಸಿ ಡಬ್ಬಿಗೆ ಸ್ಯಾಂಪಲ್ ಹಾಕಿದರೆ ಅದೂ ಫಾರ್ಮಲಿನ್ ಹಾಕಿದಂತೆಯೇ.

ಅಂದು ಆ ಬಾಸುಂದಿಯಲ್ಲಿ ಏನಾಗಿತ್ತು ಎಂಬುದು ಅಲ್ಲೇ ವಿಚಾರಿಸಿದಾಗ ಗೊತ್ತಾಗಿತ್ತು, ಅದಕ್ಕೇ ಹೊಟ್ಟೆ ಉರಿಯುತ್ತದೆ. ಬೆಳಗ್ಗೆ ಹಾಲು ಬತ್ತಿಸಿ ಇಳಿಸಿದ್ದಾರೆ. ತಣ್ಣಗಾದ ಮೇಲೆ ಅಡುಗೆಯವನು ಗೋಡಂಬಿ, ಏಲಕ್ಕಿ ಹಾಕಿ ಕೈಯಿಂದಲೇ ಕಲಸಿದ್ದಾನೆ. ಅವನ ಬಲಗೈ ತೋರುಬೆರಳಿಗೆ ಅರಿಶಿಣ ಮೆತ್ತಿದ ಬಟ್ಟೆ ಸುತ್ತಿತ್ತು, ಒಳಗೆ ಕೀವಾದ ಗಾಯ. ಆಮೇಲೆ ಮೂರು ಗಂಟೆಯ ಪಂಕ್ತಿಯವರೆಗೆ ಪಾತೆಲೆ ಶಾಮಿಯಾನದ ಕೆಳಗೇ ಇತ್ತು. ತಿನ್ನುವ ಪದಾರ್ಥ 60 ಡಿಗ್ರಿ ಮೇಲಿರಬೇಕು, ಇಲ್ಲವೇ 5 ಡಿಗ್ರಿ ಕೆಳಗಿರಬೇಕು. ನಮ್ಮ ಕಡೆ ಮೇ ತಿಂಗಳ ನೆರಳಿನಲ್ಲೂ 40 ದಾಟುತ್ತದೆ, ಕೀವಿನಲ್ಲಿರುವ ಸ್ಟ್ಯಾಫ್ (ಸ್ಟ್ಯಾಫಿಲೊಕಾಕಸ್) ಜೀವಾಣು ಬೆಳೆಯಲು ಅದಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ. ವಾಸನೆ ಬಂದರೆ ಮತ್ತೊಮ್ಮೆ ಕುದಿಸಿದರಾಯಿತು ಎನ್ನುತ್ತಾರೆ. ಕುದಿಸಿದರೆ ಜೀವಾಣು ಸಾಯುತ್ತದೆ, ಅದು ಆಗಲೇ ಬಿಟ್ಟ ವಿಷ ಹೋಗುವುದಿಲ್ಲ. ಇದನ್ನು ಅಡುಗೆಯವರಿಗೆ ಎಷ್ಟು ಸಲ ಹೇಳಿದರೂ ನಂಬುವುದಿಲ್ಲ.

ಯಾವ ಪದಾರ್ಥ ಎಂದು ಊಹಿಸಬೇಡಿ, ಎಣಿಸಿ. ಉಂಡ ಹೊತ್ತು ಮತ್ತು ಮೊದಲ ವಾಂತಿಯ ಹೊತ್ತು, ಲೈನ್ ಲಿಸ್ಟ್‌ನಲ್ಲಿ (ಒಬ್ಬೊಬ್ಬರ ವಿವರದ ಪಟ್ಟಿ) ಈ ಎರಡು ಕಾಲಂ ತುಂಬದಿದ್ದರೆ ಉಳಿದದ್ದು ದಂಡ. ಒಂದರಿಂದ ಆರು ತಾಸಿನಲ್ಲಿ ವಾಂತಿ, ಜ್ವರ ಇಲ್ಲ ಎಂದರೆ ಸ್ಟ್ಯಾಫ್. ಹೊರಗೆ ಇಟ್ಟ ಅನ್ನ, ತಹರಿ ಉಂಡಿದ್ದರೆ ಬ್ಯಾಸಿಲಸ್ ಸೀರಿಯಸ್ ಎಂಬ ಜೀವಾಣು. ಎಂಟು ತಾಸು ಕಳೆದು ಹೊಟ್ಟೆನೋವು, ಭೇದಿ ಬಂದರೆ ದೊಡ್ಡ ಪಾತ್ರೆಯಲ್ಲಿ ನಿಧಾನ ತಣಿದ ಮಾಂಸದ ಸಾರನ್ನು ಹುಡುಕಿ. ಅರ್ಧ ದಿನ ಕಳೆದ ಮೇಲೆ ಜ್ವರದ ಜೊತೆ ಬಂದರೆ ಸಾಲ್ಮೊನೆಲ್ಲಾ ಇರಬಹುದು. ಅಕ್ಕಿ ತೊಳೆದ ನೀರಿನಂಥ ಭೇದಿ ಕಂಡರೆ ಅಡುಗೆ ಬಿಟ್ಟು ಟ್ಯಾಂಕರ್ ಕಡೆ ಓಡಿ, ಕ್ಲೋರಿನ್ ನೋಡಿ.

ಆರಾಮ ಇರುವವರನ್ನು ಕೇಳುವುದನ್ನು ನಮ್ಮವರು ಮರೆಯುತ್ತಾರೆ. ಲೆಕ್ಕ ಹೀಗೆ: ಬಾಸುಂದಿ ಉಂಡ 100 ಜನರಲ್ಲಿ 60 ಮಂದಿ ಮಲಗಿದ್ದಾರೆ, ಉಣ್ಣದ 50 ಜನರಲ್ಲಿ 3 ಮಂದಿ ಎಂದಿಟ್ಟುಕೊಳ್ಳಿ. ಶೇ 60ಕ್ಕೆ ಎದುರು ಶೇ 6, ಹತ್ತು ಪಟ್ಟು. ಅನ್ನಕ್ಕೂ ಹುಗ್ಗಿಗೂ ಇದೇ ಲೆಕ್ಕ ಹಾಕಿದರೆ ಆ ಅಂತರ ಬರುವುದಿಲ್ಲ. ಸಕ್ಕರೆ ಕಾಯಿಲೆ ಎಂದು ಸಿಹಿ ಬಿಟ್ಟ ಹಿರಿಯರು ಇಲ್ಲಿ ಬಹಳ ಉಪಕಾರಿ.

ಇನ್ನೊಂದು ಎಚ್ಚರ. ನಮ್ಮದು ಹತ್ತಿ, ತೊಗರಿ ಬೆಳೆಯುವ ನಾಡು, ಮನೆಮನೆಯಲ್ಲಿ ಔಷಧಿ ಡಬ್ಬಿ ಇರುತ್ತದೆ. ಉಂಡ ಕೂಡಲೇ ಜೊಲ್ಲು, ಬೆವರು, ಸಾಸಿವೆಯಷ್ಟಾದ ಕಣ್ಣಿನ ಪಾಪೆ ಕಂಡರೆ ಅದು ಜೀವಾಣು ಅಲ್ಲ, ಕೀಟನಾಶಕ. 2018ರ ಡಿಸೆಂಬರ್‌ನಲ್ಲಿ ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ ಪ್ರಸಾದ ಉಂಡು 17 ಜನ ಸತ್ತದ್ದು ಹಾಗೆಯೇ. ಅಲ್ಲಿ ವಾಂತಿಯೂ ಸಾಕ್ಷಿ, ಚೆಲ್ಲಬಾರದು.

ಕ್ಯಾಜುವಾಲ್ಟಿಯ ಡಾಕ್ಟರಿಗೆ ಮೂರು ಬೇಡಿಕೆ ಇಡುತ್ತೇನೆ. ಆಂಟಿಬಯಾಟಿಕ್ ಕೊಡುವ ಮುಂಚೆ ಮಲದ ಸ್ಯಾಂಪಲ್ ಕ್ಯಾರಿ-ಬ್ಲೇರ್‌ನಲ್ಲಿ (ಜೀವಾಣು ಸಾಯದಂತೆ ಸಾಗಿಸುವ ಮಾಧ್ಯಮ) ತೆಗೆಯಿರಿ, ಎಂಎಲ್‌ಸಿ (ಪೊಲೀಸರಿಗೆ ತಿಳಿಸುವ ವೈದ್ಯಕೀಯ ದಾಖಲೆ) ಮಾಡಿ, ಕೇಸ್ ಶೀಟಿನಲ್ಲಿ ಬರೀ "ಎಜಿಇ" (ವಾಂತಿ-ಭೇದಿ) ಎನ್ನದೆ ಏನು ಉಂಡರು, ಎಷ್ಟು ಹೊತ್ತಿಗೆ ಎಂದು ಬರೆಯಿರಿ. ಪರಿಹಾರದ ಅರ್ಜಿ ನಿಲ್ಲುವುದು ಆ ಒಂದು ಸಾಲಿನ ಮೇಲೆ. 2006ರ ಆಹಾರ ಸುರಕ್ಷತಾ ಕಾಯ್ದೆಯ 65ನೇ ಕಲಂ ಪ್ರಕಾರ ಸಾವಿಗೆ 5 ಲಕ್ಷಕ್ಕೆ ಕಡಿಮೆ ಇಲ್ಲ, ತೀವ್ರ ಹಾನಿಗೆ 3 ಲಕ್ಷದವರೆಗೆ, ಉಳಿದ ಹಾನಿಗೆ 1 ಲಕ್ಷದವರೆಗೆ. 59ನೇ ಕಲಂನಲ್ಲಿ ಸಾಮಾನ್ಯ ಹಾನಿಗೆ ಒಂದು ವರ್ಷದವರೆಗೆ, ತೀವ್ರ ಹಾನಿಗೆ ಆರು ವರ್ಷದವರೆಗೆ, ಸಾವಾದರೆ ಏಳು ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆ. ಆದರೆ ಆಹಾರ ಅಸುರಕ್ಷಿತ ಎಂದು ಲ್ಯಾಬಿನ ಅನಾಲಿಸ್ಟ್ ವರದಿ ಹೇಳಬೇಕು.

ಪೊಲೀಸರು ಎಫ್‌ಐಆರ್ ಹಾಕಿದ್ದಾರಲ್ಲ ಎಂದು ನಿಶ್ಚಿಂತೆಯಿಂದ ಇರುವಂತಿಲ್ಲ. 2024ರ ಫೆಬ್ರುವರಿಯಲ್ಲಿ ರಾಮ್ ನಾಥ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಆಹಾರ ಕಲಬೆರಕೆಯ ಐಪಿಸಿ 272, 273ಕ್ಕಿಂತ ನಮ್ಮ 59ನೇ ಕಲಮೇ ಮೇಲು ಎಂದಿದೆ. ಈಗ ಆ ಜಾಗದಲ್ಲಿ ಬಂದಿರುವ ಬಿಎನ್‌ಎಸ್ 274, 275 ಹಾಕಿದರೂ ವಕೀಲರು ಮೊದಲು ಎತ್ತುವುದು ಅದೇ ತೀರ್ಪನ್ನು. ಕೊನೆಗೆ ಎಲ್ಲ ಭಾರವೂ ನಾವು ತೆಗೆದ ಬಾಟಲಿಯ ಮೇಲೆಯೇ.

ಆ ಮದುವೆಯ ಕೇಸಿನಲ್ಲಿ ಉಳಿದದ್ದು 56ನೇ ಕಲಂ, ಅನೈರ್ಮಲ್ಯಕ್ಕೆ 1 ಲಕ್ಷದವರೆಗಿನ ದಂಡ ಮಾತ್ರ. ಎಡಿಸಿ (ಅಪರ ಜಿಲ್ಲಾಧಿಕಾರಿ) ಸಾಹೇಬರ ಮುಂದೆ ಅಡುಗೆಯವನು ದಂಡ ಕಟ್ಟಿ ಹೋದ. ಆಸ್ಪತ್ರೆಗೆ ಸೇರಿದ್ದ ಕೂಲಿ ಮನೆಯವರು ಸಲೈನ್, ಗಾಡಿ ಬಾಡಿಗೆಗೆಂದು ಮಾಡಿದ ಸಾಲಕ್ಕೆ ಒಂದು ರೂಪಾಯಿಯೂ ಬರಲಿಲ್ಲ. ತಪ್ಪು ನನ್ನ ಕೈಯದು.

ಈಗ ಫಾರ್ಮಲಿನ್ ಬಾಟಲಿ ಬೇರೆ ಚೀಲದಲ್ಲಿದೆ, ಜೀಪಿನ ಹಿಂದಿನ ಸೀಟಿನ ಕೆಳಗೆ. ವಾಂತಿ-ಭೇದಿ ಕೇಸಿಗೆ ಹೋದಾಗ ಆ ಚೀಲ ಇಳಿಸುವುದಿಲ್ಲ. ಲೇಬಲ್ ಮೇಲೆ "ಸಂರಕ್ಷಕ ಏನೂ ಹಾಕಿಲ್ಲ" ಎಂದು ಬರೆದು, ಸೀಲ್ ಒತ್ತುವ ಮುಂಚೆ ಪಂಚರಿಗೆ ಅದನ್ನು ಜೋರಾಗಿ ಓದಿ ಹೇಳುತ್ತೇನೆ.