ಶಾಲೆಗೆ ರಜೆ ಸಿಗುವ ಮೊದಲೇ ಮುಗಿಯುವ ವಸಂತ

ಮಕ್ಕಳನ್ನು ಅಜ್ಜನ ಮನೆಗೆ ಕರೆದುಕೊಂಡು ಹೋಗುವುದು ಅಂದರೆ ಎಲ್ಲರ ಲೆಕ್ಕದಲ್ಲೂ ಬೇಸಿಗೆ ರಜೆ. ಆ ರಜೆ ಶುರುವಾಗುವುದು ಏಪ್ರಿಲ್ ಎರಡನೇ ವಾರದ ಹೊತ್ತಿಗೆ. ಅಷ್ಟರಲ್ಲಿ ಉತ್ತರ ಕನ್ನಡದ ನಮ್ಮ ಸಿದ್ದಾಪುರದ ಕಡೆ ಅರ್ಧ ವಸಂತ ಮುಗಿದಿರುತ್ತದೆ. ಉಪ್ಪಿನಕಾಯಿಯ ಎಳೇ ಮಾವು, ಅಂದರೆ ಅಪ್ಪೆಮಿಡಿ, ಉಪ್ಪಿಗೆ ಬಿದ್ದಿರುತ್ತದೆ, ಆಲೆಮನೆಯ ಒಲೆ ಆರಿರುತ್ತದೆ, ಸುರಗಿ ಹೂವು ಉದುರಿ ಹೋಗಿರುತ್ತದೆ. ಪಂಚಾಂಗದಲ್ಲಿ ವಸಂತ ಯುಗಾದಿಯಿಂದ ಶುರು, ನಿಜ. ಆದರೆ ಮಲೆನಾಡಿನ ಮಾವಿನ ಮರ ಅದಕ್ಕೂ ಎಷ್ಟೋ ಮೊದಲೇ ಹೂ ಬಿಟ್ಟು ಮಿಡಿ ಹಿಡಿದಿರುತ್ತದೆ.

ಮಗಳಿಗೆ ಜೂನ್ ಹೊತ್ತಿಗೆ ಆರು ತುಂಬುತ್ತದೆ, ಒಂದನೇ ಕ್ಲಾಸು. ಮಗನಿಗೆ ಮೂರು. ಹಾಜರಿ, ಪರೀಕ್ಷೆ ಅಂತ ಒಮ್ಮೆ ಶುರುವಾದರೆ ಮಾರ್ಚ್‌ನಲ್ಲಿ ಊರಿಗೆ ಬರುವ ಮಾತೇ ಇಲ್ಲ. ಅದಕ್ಕೆ ಈ ಸಲ ಯುಕೆಜಿಗೆ ರಜೆ ಹಾಕಿಸಿ, ನನ್ನ ಲ್ಯಾಪ್‌ಟಾಪನ್ನೂ ಹೊತ್ತುಕೊಂಡು ಶಿವರಾತ್ರಿ ಕಳೆಯುತ್ತಲೇ ತವರಿಗೆ ಬಂದೆ. ಆಫೀಸಿನ ಕೆಲಸ ಜಗಲಿಯ ಮೂಲೆಯಿಂದ. ಯುಕೆಜಿಯಲ್ಲಿ ತಪ್ಪಿದ ಪಾಠವನ್ನು ಆಮೇಲೆ ಹೇಳಿಕೊಡಬಹುದು. ಮಿಡಿ ಕೊಯ್ಯುವುದನ್ನು ಆಮೇಲೆ ತೋರಿಸಲು ಬರುವುದಿಲ್ಲ.

ಮಿಡಿ ಕೊಯ್ಲು ನೋಡಬೇಕಾದ್ದೇ. ಹೊಳೆ ದಂಡೆಯ ಮರಗಳು ಬಹಳ ಎತ್ತರ. ನಮ್ಮ ಕಡೆ ಅಘನಾಶಿನಿ, ಆಚೆ ಶರಾವತಿ, ವರದಾ, ಈ ಹೊಳೆಗಳ ದಂಡೆಯಲ್ಲೇ ಒಳ್ಳೆಯ ಅಪ್ಪೆ ಮರಗಳಿರುವುದು. ಒಂದೊಂದು ಮರಕ್ಕೆ ಒಂದೊಂದು ಪರಿಮಳ. ಜೀರಿಗೆ ವಾಸನೆಯದ್ದು ಜೀರಿಗೆ ಮಿಡಿ. ಮಾಳಂಜಿ ಅಪ್ಪೆ, ಅನಂತಭಟ್ಟನ ಅಪ್ಪೆ ಅಂತ ಹೆಸರು ಮಾಡಿದ ಮರಗಳೂ ಇವೆ. ಕೊಯ್ಯುವವರು ಬುಟ್ಟಿ, ಹಗ್ಗ ತೆಗೆದುಕೊಂಡು ಮರ ಹತ್ತುತ್ತಾರೆ. ಗೊಂಚಲನ್ನು ತೊಟ್ಟು ಸಮೇತ ಬಿಡಿಸಿ ಬುಟ್ಟಿಗೆ ಹಾಕಿ, ಹಗ್ಗದಲ್ಲಿ ನಿಧಾನಕ್ಕೆ ಇಳಿಸುತ್ತಾರೆ. ನೆಲಕ್ಕೆ ಬಿದ್ದ ಮಿಡಿ ಉಪ್ಪಿನಕಾಯಿಗೆ ಬೇಡ. ಪೆಟ್ಟು ಬಿದ್ದ ಒಂದು ಮಿಡಿ ಮೆತ್ತಗಾದರೆ ಭರಣಿಯಲ್ಲಿ ಉಳಿದದ್ದೂ ಕೆಡುತ್ತದೆ. ಬಿದ್ದದ್ದೆಲ್ಲ ಮಕ್ಕಳ ಪಾಲು. ಉಪ್ಪು, ಖಾರದ ಪುಡಿ ಮೊದಲೇ ಜೇಬಿನಲ್ಲಿತ್ತು. ಅಜ್ಜನ ಉಪಾಯ.

ಬುಟ್ಟಿ ಮನೆಗೆ ಬಂದ ಮೇಲೆ ಆಯಿಯ, ಅಂದರೆ ನನ್ನ ಅಮ್ಮನ, ಆಳ್ವಿಕೆ. ಜಗಲಿಯಲ್ಲಿ ಹಳೇ ಸೀರೆ ಹಾಸಿ ಮಿಡಿ ಸುರಿದರು. ಕಪ್ಪು ಚುಕ್ಕೆಯದ್ದು, ತೊಟ್ಟು ಕಳಚಿದ್ದು, ಜಾಸ್ತಿ ಬಲಿತದ್ದು ಎಲ್ಲ ಬೇರೆ. ಆರಿಸುವ ಕೆಲಸಕ್ಕೆ ಮಗಳೂ ಕೂತಳು. ಅವಳ ಕೈಗೆ ಮೊದಲೇ ಕೊಬ್ಬರಿ ಎಣ್ಣೆ ಸವರಿದ್ದಾಯಿತು. ಸೊನೆ ತಾಗಿದರೆ ಎಳೇ ಚರ್ಮ ಸುಟ್ಟ ಹಾಗೆ ಬೊಬ್ಬೆ ಬರುತ್ತದೆ. ತುಟಿಗೆ ತಾಗಿದರಂತೂ ವಾರಗಟ್ಟಲೆ ಹುಣ್ಣು.

"ಕೂಸೇ, ತೊಟ್ಟು ಮುರಿಯಡ, ಸೊನೆ ಹೋಗ್ತು" ಅಂದರು ಆಯಿ.

"ಹೋದರೆ ಏನಾಗುತ್ತೆ?"

"ಪರಿಮಳನೇ ಇರ್ತಿಲ್ಲೆ."

ಮಗಳು ಒಂದು ಮಿಡಿಯನ್ನು ಮೂಗಿನ ಹತ್ತಿರ ಹಿಡಿದು ತುಂಬಾ ಹೊತ್ತು ಮೂಸಿದಳು. ಆಮೇಲೆ ಇನ್ನೊಂದು ರಾಶಿಯದ್ದನ್ನು ಮೂಸಿ, "ಇದು ಬೇರೆ ಮರದ್ದು" ಅಂದಳು. ನಿಜವಾಗಿಯೂ ಬೇರೆ ಮರದ್ದೇ ಆಗಿತ್ತು. ಆಯಿಗೆ ಆದ ಖುಷಿ ಹೇಳತೀರದು. ಅಂಗಡಿಯ ಬಾಟಲಿಯಲ್ಲಿ ಎಲ್ಲ ಮಿಡಿಯೂ ಒಂದೇ ಮಸಾಲೆ ವಾಸನೆ ಬರುತ್ತದೆ. ಐದು ವರ್ಷದ ಮೂಗಿಗೆ ಎರಡು ಮರದ ವ್ಯತ್ಯಾಸ ಗೊತ್ತಾಗುತ್ತದೆ ಅಂತ ನನಗೂ ಅವತ್ತೇ ಗೊತ್ತಾಗಿದ್ದು.

ನಾಲ್ಕು ಅಳತೆ ಮಿಡಿಗೆ ಒಂದು ಅಳತೆ ಕಲ್ಲುಪ್ಪು. ತೊಳೆದು, ಬಟ್ಟೆಯಲ್ಲಿ ನೀರಿನ ಪಸೆ ಇಲ್ಲದ ಹಾಗೆ ಒರೆಸಿ, ಭರಣಿಯಲ್ಲಿ ಒಂದು ಪದರ ಮಿಡಿ, ಒಂದು ಪದರ ಉಪ್ಪು. ದಿನಾ ಒಮ್ಮೆ ಮಗುಚಬೇಕು. ದಿನ ಕಳೆದ ಹಾಗೆ ಮಿಡಿ ನೀರು ಬಿಟ್ಟು ಚಿರುಟುತ್ತದೆ. ಆ ಉಪ್ಪುನೀರನ್ನು ಸೋಸಿ, ಕುದಿಸಿ, ಆರಿಸಿ, ಅದರಲ್ಲೇ ಸಾಸಿವೆ, ಮೆಣಸು ಅರೆದು ಕಲಸುತ್ತಾರೆ. ಒದ್ದೆ ಕೈಯವರು ಭರಣಿಯ ಹತ್ತಿರ ಸುಳಿಯುವಂತಿಲ್ಲ. ಮೂರು ವರ್ಷದವನಿಗೂ ಈ ನಿಯಮ ಬಾಯಿಪಾಠ ಆಗಿದೆ. ಭರಣಿಯ ಕೋಣೆಗೆ ಹೋಗುವವರನ್ನೆಲ್ಲ ತಡೆದು "ಕೈ ತೋರ್ಸು" ಅನ್ನುತ್ತಾನೆ.

ಒಂದು ಬೇಸರದ ಮಾತನ್ನೂ ಹೇಳಲೇಬೇಕು. ಮಿಡಿಗೆ ಬೇಡಿಕೆ ಜಾಸ್ತಿಯಾದ ಮೇಲೆ ಕೆಲವರು ಕೊಂಬೆಯನ್ನೇ ಕಡಿದು ಕೆಳಗೆ ಹಾಕಿ ಕೊಯ್ಯುತ್ತಾರೆ. ಆ ಕೊಂಬೆ ಮತ್ತೆ ಯಾವಾಗ ಬೆಳೆಯಬೇಕು? ಅಪ್ಪೆಮಿಡಿಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ, ಸಂತೋಷವೇ. ಆದರೆ ಮರವೇ ಹೋದರೆ ಮಾನ್ಯತೆ ಇಟ್ಟುಕೊಂಡು ಏನು ಮಾಡುವುದು? ಒಳ್ಳೆಯ ಮರದ ಕಸಿ ಗಿಡ ಈಗ ನರ್ಸರಿಗಳಲ್ಲಿ ಸಿಗುತ್ತದೆ. ಅಪ್ಪ ತೋಟದ ಅಂಚಿನಲ್ಲಿ ನೆಟ್ಟಿದ್ದಾರೆ. ಅದಕ್ಕೆ ನೀರು ಹಾಕುವುದು ಸಂಜೆ ಮಗನ ಕೆಲಸ.

ಕಾಯಿ ಸ್ವಲ್ಪ ದೊಡ್ಡದಾದ ಮೇಲೆ ಅಪ್ಪೆಹುಳಿ ಶುರು. ಮಾವಿನಕಾಯಿ ಬೇಯಿಸಿ, ಕಿವುಚಿ, ಧಾರಾಳ ನೀರು, ಉಪ್ಪು ಹಾಕಿ, ಕೊಬ್ಬರಿ ಎಣ್ಣೆಯಲ್ಲಿ ಸಾಸಿವೆ, ಮೆಣಸು, ಇಂಗು, ಕರಿಬೇವಿನ ಒಗ್ಗರಣೆ. ಅನ್ನಕ್ಕೆ ಹಾಕಿಕೊಳ್ಳುವುದಕ್ಕಿಂತ ಲೋಟದಲ್ಲಿ ಕುಡಿಯುವುದೇ ಜಾಸ್ತಿ. ಮಕ್ಕಳದ್ದಕ್ಕೆ ಮೆಣಸಿನ ಬದಲು ಚೂರು ಬೆಲ್ಲ. ಮಧ್ಯಾಹ್ನ ಒಂದು ಲೋಟ ಕುಡಿದರೆ ಇಬ್ಬರೂ ಜಗಲಿಯ ಚಾಪೆ ಮೇಲೆ ಬಿದ್ದ ಕೂಡಲೇ ನಿದ್ದೆ. ನನ್ನ ಮೀಟಿಂಗ್‌ಗಳೆಲ್ಲ ಆ ಹೊತ್ತಿಗೇ.

ಆಲೆಮನೆಗೆ ಹೋಗಿದ್ದು ಕೊನೆಯ ಪಾಕದ ದಿನ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಉಕ್ಕುವುದನ್ನು ಮಕ್ಕಳು ದೂರದಿಂದ ನೋಡಿದರು. ಹತ್ತಿರ ಬಿಡುವ ಹಾಗೇ ಇಲ್ಲ. ಕಬ್ಬಿನ ಹಾಲು, ಜೊತೆಗೆ ಮಂಡಕ್ಕಿ, ಮಿರ್ಚಿ ಭಜಿ. ಮನೆಗೆ ಬರುವಾಗ ಡಬ್ಬಿಯಲ್ಲಿ ಜೋನಿಬೆಲ್ಲ.

ಬೆಳಗಿನ ಹೊತ್ತು ಸುರಗಿ ಮರ. ಹೂವು ಕೊಂಬೆಗೇ ಅಂಟಿಕೊಂಡ ಹಾಗೆ ಬಿಡುತ್ತದೆ, ಜೇನುನೊಣಗಳ ಸದ್ದು ಮರ ಕಾಣುವ ಮೊದಲೇ ಕೇಳುತ್ತದೆ. ಹೂವು ಪೋಣಿಸಿ ಒಣಗಿಸಿದರೂ ಪರಿಮಳ ಹೋಗುವುದಿಲ್ಲ. ಮಗಳ ಸ್ವೆಟರಿನ ಪೆಟ್ಟಿಗೆಯಲ್ಲಿ ಈಗ ಒಂದು ದಂಡೆ ಇದೆ.

ಇನ್ನು ಬೆಟ್ಟ. ಫೆಬ್ರವರಿ, ಮಾರ್ಚ್‌ನಲ್ಲಿ ಉದುರಿದ ಎಲೆ ಗುಡಿಸಿ ಕೊಟ್ಟಿಗೆಗೆ ತರುತ್ತಾರೆ. ನಾವು ದರಕು ಅನ್ನುತ್ತೇವೆ. ಅದು ದನದ ಕಾಲಡಿ ಬಿದ್ದು ಗೊಬ್ಬರವಾಗಿ ಅಡಿಕೆ ತೋಟಕ್ಕೆ ಹೋಗುತ್ತದೆ. ದರಕಿನ ರಾಶಿಗೆ ಹಾರುವುದು ನಾನು ಚಿಕ್ಕವಳಿದ್ದಾಗಿನ ದೊಡ್ಡ ಆಟ. ನನ್ನ ಮಕ್ಕಳಿಗೆ ಅದನ್ನು ಬಿಟ್ಟಿಲ್ಲ. ಕಾರಣ ಉಣುಗು. ಮಂಗನ ಕಾಯಿಲೆ ಮೊದಲು ಪತ್ತೆಯಾಗಿದ್ದು 1957ರಲ್ಲಿ, ನಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಸೋಂಕು ತಗುಲಿದ ಉಣುಗು ಕಚ್ಚಿ ಹರಡುವ ಜ್ವರ ಅದು. ಎಲೆ ಉದುರಿ ಒಣಗಿರುವ ಈ ತಿಂಗಳುಗಳಲ್ಲೇ ಅದರ ಕಾಟ ಜಾಸ್ತಿ. ವಸಂತ ಚೆಂದ ಅಂತ ಬರೆಯುವವರು ಇದನ್ನೂ ಬರೆಯಬೇಕು. ಬೆಟ್ಟಕ್ಕೆ ಹೋಗುವ ದೊಡ್ಡವರು ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆ ಹಂಚುವ ಡೆಪಾ ಎಣ್ಣೆ ಹಚ್ಚಿಕೊಳ್ಳುತ್ತಾರೆ. ಚಿಕ್ಕ ಮಕ್ಕಳಿಗೆ ಹಚ್ಚುವ ಮೊದಲು ಆರೋಗ್ಯ ಕೇಂದ್ರದಲ್ಲಿ ಕೇಳಿ. ಮಕ್ಕಳು ತೋಟ, ಅಂಗಳದಲ್ಲೇ ಆಡಲಿ, ಮೈತುಂಬ ಬಟ್ಟೆ ಇರಲಿ. ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿಸಿ, ಕಿವಿ ಹಿಂದೆ, ಕಂಕುಳು, ಮಂಡಿ ಹಿಂದೆ ನೋಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆಶಾ ಕಾರ್ಯಕರ್ತೆಗೆ ತಿಳಿಸಿ. ಜ್ವರ ಬಂದರೆ ಸುಮ್ನೆ ಕಷಾಯ ಕುಡಿಸಿಕೊಂಡು ಕೂರಬೇಡಿ.

ಮಾರ್ಚ್ ಮುಗಿಯುವಾಗ ಗೇರುಹಣ್ಣು. ಹಣ್ಣಿನ ಹೊರಗೆ ಬೀಜ ನೇತಾಡುವುದು ನೋಡಿ ಮಗನಿಗೆ ಭಾರೀ ಆಶ್ಚರ್ಯ. ಬೀಜವನ್ನು ತಿರುಚಿ ತೆಗೆದು ಅಜ್ಜನ ಕೈಗೆ ಕೊಡಬೇಕು, ಕಚ್ಚಬಾರದು. ಸಿಪ್ಪೆಯೊಳಗಿನ ಎಣ್ಣೆ ಬಾಯಿ ಸುಡುತ್ತದೆ. ಹಣ್ಣನ್ನು ಹೋಳು ಮಾಡಿ ಉಪ್ಪು ಸವರಿದರೆ ಗಂಟಲು ಕೆರೆಯುವುದು ಕಡಿಮೆ. ರಸ ಮೊಣಕೈವರೆಗೂ ಇಳಿಯುತ್ತದೆ. ಕಲೆ ಯಾವ ಸೋಪಿಗೂ ಹೋಗುವುದಿಲ್ಲ, ಹಳೇ ಬಟ್ಟೆಯೇ ಸರಿ.

ಹಲಸು ಎಳೆಯದಿರುವಾಗ ಪಲ್ಯ, ಬಲಿತ ಮೇಲೆ ಹಪ್ಪಳ. ಹಪ್ಪಳದ ದಿನ ಅಕ್ಕಪಕ್ಕದ ಮನೆಯ ಚಿಕ್ಕಮ್ಮ, ದೊಡ್ಡಮ್ಮಂದಿರೆಲ್ಲ ಬರುತ್ತಾರೆ. ಒಬ್ಬರು ಮೇಣ ಒರೆಸಿ ತೊಳೆ ಬಿಡಿಸಿದರೆ, ಇನ್ನೊಬ್ಬರು ಹಬೆಯಲ್ಲಿ ಬೇಯಿಸುತ್ತಾರೆ. ಒರಳಿನಲ್ಲಿ ಕುಟ್ಟಿ, ಉಪ್ಪು, ಖಾರ, ಜೀರಿಗೆ ಸೇರಿಸಿ ಉಂಡೆ ಕಟ್ಟುತ್ತಾರೆ. ಎರಡು ಪ್ಲಾಸ್ಟಿಕ್ ಹಾಳೆಯ ನಡುವೆ ಉಂಡೆ ಇಟ್ಟು ಮೇಲೆ ಮಣೆ ಇಡುವುದು, ಮಣೆಯ ಮೇಲೆ ಮಗ ಕೂರುವುದು. ಅವನ ಭಾರಕ್ಕೆ ಸರಿಯಾದ ಹಪ್ಪಳ! ಎದ್ದು ನೋಡಿ ಚಪ್ಪಾಳೆ ತಟ್ಟಿ ಮತ್ತೆ ಕೂರುತ್ತಿದ್ದ. ಮಗಳು ಚಾಪೆಯ ಪಕ್ಕ ಕೋಲು ಹಿಡಿದು ಕಾಗೆ ಓಡಿಸುವುದಕ್ಕೆ ನಿಂತಳು. ಕಾಗೆಗಿಂತ ಹೆಚ್ಚು ಹಿಟ್ಟು ತಿಂದದ್ದು ಅವಳೇ. ಹಸಿ ಹಿಟ್ಟಿಗೆ ಕೊಬ್ಬರಿ ಎಣ್ಣೆ ಹಾಕಿ ತಿನ್ನುವ ರುಚಿ ಕರಿದ ಹಪ್ಪಳಕ್ಕೂ ಇಲ್ಲ ಅಂತ ನನ್ನ ನಂಬಿಕೆ. ಸಂಜೆ ಅರ್ಧ ಒಣಗಿದ ಹಪ್ಪಳ ಎಬ್ಬಿಸಿ ತಿರುವಿ ಹಾಕುವಾಗ ಒಂದೂ ಹರಿಯಲಿಲ್ಲ. ಪುಟ್ಟ ಬೆರಳು ಆ ಕೆಲಸಕ್ಕೆ ಚೆನ್ನಾಗಿ ಒದಗುತ್ತದೆ.

ಆಗಲೇ ಶಾಲೆಗೆ ಹೋಗುವ ಮಕ್ಕಳಿದ್ದರೆ ಬೇಸರ ಬೇಡ. ಹಪ್ಪಳ ಏಪ್ರಿಲ್, ಮೇ ತನಕವೂ ಇರುತ್ತದೆ. ಕವಳಿ ಹಣ್ಣೂ ಸಿಗುತ್ತದೆ. ಮುರುಗಲು (ಕೋಕಂ) ಹಣ್ಣಾಗುವುದು ರಜೆಯಲ್ಲೇ. ಸಿಪ್ಪೆಗೆ ಸಕ್ಕರೆ ಹಾಕಿ ಬಿಸಿಲಿಗಿಟ್ಟು ಶರಬತ್ತು ಮಾಡಲು ಮಕ್ಕಳೇ ಸಾಕು. ಬೀಜ ಬಿಸಾಡಬೇಡಿ, ಅದರ ತುಪ್ಪ ಒಡೆದ ಹಿಮ್ಮಡಿಗೆ ಒಳ್ಳೆಯದು. ಮಳೆ ಹಿಡಿಯುವ ಮೊದಲು ಮುಗಿಸಿಕೊಂಡರಾಯಿತು.

ನಾವು ಮುಂದಿನ ವರ್ಷ ಮಿಡಿ ಕೊಯ್ಲಿಗೆ ಶನಿವಾರ, ಭಾನುವಾರದ ಜೊತೆ ಒಂದೆರಡು ದಿನ ಸೇರಿಸಿ ಬರುವುದು ಅಂತ ನಿರ್ಧರಿಸಿದ್ದೇವೆ. ಮರ ಹತ್ತುವವರು ಯಾವ ದಿನ ಬರುತ್ತಾರೆ ಅಂತ ಗೊತ್ತಾದ ಕೂಡಲೇ ಫೋನ್ ಮಾಡಲು ಅಪ್ಪನಿಗೆ ಹೇಳಿದ್ದೇನೆ.